ಜೋಡಣೆಯ ದೇಶ ಮತ್ತು ವಾಹನದ ಗುಣಮಟ್ಟದ ನಂಬಿಕೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆ

ಬಿಡಿಭಾಗಗಳನ್ನು ಕೂಡಿಸಿ ಪೂರ್ಣ ವಾಹನವಾಗಿ ಹೊರತರುವ ಕಾರ್ಖಾನೆ ಯಾವ ದೇಶದಲ್ಲಿದೆಯೋ ಅದು ಆ ವಾಹನದ ಜೋಡಣೆಯ ದೇಶ. ಇಂದಿನ ಕಾರಿನ ವಿನ್ಯಾಸ ಒಂದು ದೇಶದ್ದು, ಎಂಜಿನ್ ಇನ್ನೊಂದರದು, ಗೇರ್‌ಬಾಕ್ಸ್ ಮತ್ತೊಂದರದು. ಬಾನೆಟ್ಟಿನ ಮೇಲಿನ ಹೆಸರು ಇವುಗಳಲ್ಲಿ ಯಾವುದಕ್ಕೂ ಸೇರದೆಯೂ ಇರಬಹುದು. ಹೀಗಿದ್ದರೂ ಕೊಳ್ಳುವವರು ‘ಇದು ಜಪಾನ್ ಗಾಡಿ’, ‘ಇದು ಜರ್ಮನ್ ಗಾಡಿ’ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುತ್ತಾರೆ. ಆ ತೀರ್ಮಾನದ ಮೇಲೆಯೇ ಬಾಳಿಕೆ, ಸುರಕ್ಷತೆ, ಮರುಮಾರಾಟದ ಬೆಲೆ ಎಲ್ಲವನ್ನೂ ಅಂದಾಜು ಮಾಡುತ್ತಾರೆ.

ಚಾಮರಾಜನಗರ ಜಿಲ್ಲೆಯಲ್ಲಿ ಕಾರು ಕಾರ್ಖಾನೆ ಇಲ್ಲ. ಆದರೆ ಇಂಥ ನಂಬಿಕೆಗಳು ಹುಟ್ಟುವುದನ್ನೂ ಸವೆಯುವುದನ್ನೂ ನೋಡಲು ಇದು ಒಳ್ಳೆಯ ಜಾಗ. ಮೈಸೂರಿನಿಂದ ನಂಜನಗೂಡು ದಾಟಿ ಬರುವ ರಸ್ತೆ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ರಾಷ್ಟ್ರೀಯ ಹೆದ್ದಾರಿ 766 ಆಗಿ ಸುಲ್ತಾನ್ ಬತ್ತೇರಿ, ಕೋಯಿಕ್ಕೋಡ್ ಕಡೆಗೆ ಹೊರಟರೆ, ಇನ್ನೊಂದು ಹೆದ್ದಾರಿ 181 ಆಗಿ ಬಂಡೀಪುರದ ಮೂಲಕ ಊಟಿಗೆ ಹೋಗುತ್ತದೆ. ಪ್ರವಾಸಿಗರನ್ನು ಹೊತ್ತ ಹಳದಿ ಬೋರ್ಡಿನ ಕಾರು, ಕೇರಳಕ್ಕೆ ತರಕಾರಿ ಒಯ್ಯುವ ಪಿಕಪ್, ಚಾಮರಾಜನಗರದ ಕರಿಕಲ್ಲು ಸಾಗಿಸುವ ಲಾರಿ ಎಲ್ಲವೂ ಇಲ್ಲಿ ಹೊಟ್ಟೆಪಾಡಿನ ಸಾಮಾನು. ದುಡಿಸುವ ಗಾಡಿಯನ್ನು ಅಳೆಯುವ ಅಳತೆಗೋಲು ಶೋಕಿಯ ಗಾಡಿಯದಕ್ಕಿಂತ ಬೇರೆ.

ಪರಿಕಲ್ಪನೆಯ ಹಿನ್ನೆಲೆ

ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾಗಿ ಬರೆಸಿದ ಹೆಸರಾಂತ ಕಾನೂನು ಬ್ರಿಟನ್ನಿನದು. 1887ರ ಸರಕು ಗುರುತು ಕಾಯ್ದೆಯ ಗುರಿ, ಜರ್ಮನಿಯಿಂದ ಬರುತ್ತಿದ್ದ ಅಗ್ಗದ ಚಾಕು–ಕತ್ತರಿಗಳು ಬ್ರಿಟಿಷ್ ಮಾಲಿನ ವೇಷದಲ್ಲಿ ಮಾರಾಟವಾಗದಂತೆ ತಡೆಯುವುದು. ಅವಮಾನದ ಮುದ್ರೆಯಾಗಲೆಂದು ಒತ್ತಿಸಿದ ‘ಜರ್ಮನಿಯಲ್ಲಿ ತಯಾರಾದದ್ದು’ ಎಂಬ ಬರಹವೇ ಕೆಲವು ದಶಕಗಳಲ್ಲಿ ಒಳ್ಳೆಯ ಮಾಲಿನ ಗುರುತಾಯಿತು. ಜಪಾನಿನ ಕಥೆಯೂ ಹೆಚ್ಚುಕಡಿಮೆ ಇದೇ. 1950ರ ದಶಕದ ಕೊನೆಯಲ್ಲಿ ಟೊಯೊಟಾ ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗ ತಾಳಲಾರದೆ ಸೋತಿತ್ತು. ಕಾಲು ಶತಮಾನ ಕಳೆಯುವಷ್ಟರಲ್ಲಿ ಅಮೆರಿಕದ ಕಂಪನಿಗಳೇ ಜಪಾನಿನ ಕಾರ್ಖಾನೆ ಪದ್ಧತಿಯನ್ನು ಕಲಿಯಲು ನಿಂತವು.

ಈ ವಿಷಯದ ಶಾಸ್ತ್ರೀಯ ಅಧ್ಯಯನ ಶುರುವಾದದ್ದು 1965ರಲ್ಲಿ. ರಾಬರ್ಟ್ ಸ್ಕೂಲರ್ ಗ್ವಾಟೆಮಾಲಾದ ವಿದ್ಯಾರ್ಥಿಗಳಿಗೆ ಒಂದೇ ವಸ್ತುವನ್ನು ಬೇರೆ ಬೇರೆ ದೇಶಗಳ ಚೀಟಿ ಅಂಟಿಸಿ ಕೊಟ್ಟರು. ಚೀಟಿ ಬದಲಾದಂತೆ ಅಂಕವೂ ಬದಲಾಯಿತು. ಕಾರುಗಳ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಯೋಹಾನ್ಸನ್ ಮತ್ತು ನೆಬೆನ್‌ಜಾಲ್ ಅವರ 1986ರ ಅಧ್ಯಯನ. ಉತ್ಪಾದನೆ ಅಗ್ಗದ ಕೂಲಿಯ ದೇಶಕ್ಕೆ ಹೋದರೆ ಅದೇ ಬ್ರ್ಯಾಂಡಿನ ಕಾರಿಗೆ ಅಮೆರಿಕದ ಗ್ರಾಹಕರು ಕಡಿಮೆ ಬೆಲೆ ಕಟ್ಟುತ್ತಾರೆ ಎಂದು ಅದು ತೋರಿಸಿತು. ಮೂಲದೇಶ ಎಂಬುದನ್ನು ವಿನ್ಯಾಸದ ದೇಶ, ಜೋಡಣೆಯ ದೇಶ, ಬಿಡಿಭಾಗದ ದೇಶ ಎಂದು ಒಡೆದು ನೋಡುವ ಪದ್ಧತಿ 1990ರ ದಶಕದಲ್ಲಿ, ಪಾಲ್ ಚಾವೊ ಮೊದಲಾದವರಿಂದ ಬೆಳೆಯಿತು.

ನಮ್ಮ ಸೀಮೆಗೆ ಎಲ್ಲಕ್ಕಿಂತ ಹತ್ತಿರ ಬರುವ ವಿವರಣೆ ಸಿ. ಮಿನ್ ಹಾನ್ 1989ರಲ್ಲಿ ಮುಂದಿಟ್ಟದ್ದು. ಪರಿಚಯವಿಲ್ಲದ ವಸ್ತುವಿನ ಮುಂದೆ ನಿಂತಾಗ ಜನ ದೇಶದ ಹೆಸರಿನಿಂದ ಗುಣವನ್ನು ಊಹಿಸುತ್ತಾರೆ. ವಸ್ತು ಚೆನ್ನಾಗಿ ಪರಿಚಯವಾದ ಮೇಲೆ ದೇಶದ ಹೆಸರು ಅವರ ಅನುಭವದ ಸಾರಾಂಶವಾಗುತ್ತದೆ. ಮೊದಲ ಕಾರು ಕೊಳ್ಳುವ ಮೇಷ್ಟ್ರೂ ಮೂರನೆಯ ಟ್ಯಾಕ್ಸಿ ಕೊಳ್ಳುವ ಮಾಲೀಕನೂ ‘ಜಪಾನ್’ ಎಂದೇ ಹೇಳಬಹುದು. ಮೇಷ್ಟ್ರದು ಊಹೆ, ಮಾಲೀಕನದು ಲೆಕ್ಕ.

ಭಾರತದ ಗ್ರಾಹಕರ ಕುರಿತು ರಾಜೀವ್ ಬಾತ್ರಾ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನೊಂದು ಎಳೆ ಸೇರಿಸಿತು. ಹೊರದೇಶದ್ದೆನಿಸುವ ಬ್ರ್ಯಾಂಡನ್ನು ಇಲ್ಲಿಯವರು ಮೆಚ್ಚುವುದು ಗುಣಮಟ್ಟದ ಸಲುವಾಗಿ ಮಾತ್ರವಲ್ಲ, ಅದರಿಂದ ಬರುವ ಅಂತಸ್ತಿಗಾಗಿಯೂ ಹೌದು. ಮದುವೆ ಛತ್ರದ ಮುಂದೆ ಗಾಡಿ ನಿಲ್ಲಿಸುವ ಸಾಲನ್ನು ನೋಡಿದವರಿಗೆ ಇದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ.

ಮೈಸೂರಿನ ಜಾವಾ

1997ರ ಆಗಸ್ಟ್ 15ರವರೆಗೆ ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಹೀಗಾಗಿ ಈ ಸೀಮೆಯ ಹಳಬರಿಗೆ ‘ನಮ್ಮ ಜಿಲ್ಲೆಯಲ್ಲೇ ಜೋಡಿಸಿದ ಹೊರದೇಶದ ಗಾಡಿ’ ಎಂದರೆ ಕಾರಲ್ಲ, ಮೋಟಾರ್ ಸೈಕಲ್. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಐಡಿಯಲ್ ಜಾವಾ ಸಂಸ್ಥೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ತಯಾರಿಕೆ ಆರಂಭಿಸಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಎರಡೂ ಬದಿಗೆ ಸೈಲೆನ್ಸರ್, ಗೇರು ಹಾಕುವ ಲಿವರೇ ಕಿಕ್ಕರ್ ಕೂಡ ಆಗುವ ಚಮತ್ಕಾರ: ಆಗ ಮಾರುಕಟ್ಟೆಯಲ್ಲಿದ್ದ ಬೇರೆ ಯಾವ ಬೈಕನ್ನೂ ಇದು ಹೋಲುತ್ತಿರಲಿಲ್ಲ.

ಮೊದಲ ವರ್ಷಗಳ ಗಾಡಿಗಳಲ್ಲಿ ಚೆಕ್ ಭಾಗಗಳೇ ಹೆಚ್ಚು. ಕ್ರಮೇಣ ಇಲ್ಲಿಯ ಭಾಗಗಳು ಸೇರಿದವು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರ ಸುಮಾರಿಗೆ ರೋಡ್‌ಕಿಂಗ್ ಬಂತು. ಇಲ್ಲಿ ಗಮನಿಸಬೇಕಾದದ್ದು ಅಭಿಮಾನ ಸಾಗಿದ ದಿಕ್ಕು. ಶುರುವಿನಲ್ಲಿ ಚೆಕ್ ಮೂಲವೇ ಗಾಡಿಯ ಬೆಲೆ ಹೆಚ್ಚಿಸುವ ಸಂಗತಿ. ಇಂದಿಗೂ ಹಳೆಯ ಜಾವಾ ಸಂಗ್ರಹಿಸುವವರು ಚೆಕ್ ಭಾಗವಿರುವ ಗಾಡಿಗೆ ಹೆಚ್ಚು ಕೊಡುತ್ತಾರೆ. ಆದರೆ ಯೆಜ್ಡಿಯ ಕಾಲಕ್ಕೆ ಮೈಸೂರು ಎಂಬ ಜೋಡಣೆಯ ಊರೇ ಗೌರವದ ಗುರುತಾಗಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಬಿಡಿಭಾಗಗಳನ್ನು ಲೇತ್ ಅಂಗಡಿಗಳಲ್ಲಿ ಮಾಡಿಸಿಕೊಂಡಾದರೂ ಜನ ಗಾಡಿ ಓಡಿಸಿದರು. ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರು, ಬೆಂಗಳೂರುಗಳಲ್ಲಿ ಹಳೆಯ ಜಾವಾ–ಯೆಜ್ಡಿಗಳು ಸಾಲುಗಟ್ಟುವುದು ಈಗಲೂ ಉಂಟು. 2018ರಲ್ಲಿ ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮರಳಿ ತಂದಾಗ ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸ ಗಾಡಿ ಯಾಂತ್ರಿಕವಾಗಿ ಹಳೆಯದಕ್ಕಿಂತ ಎಷ್ಟೋ ಮುಂದಿದೆ. ಆದರೂ ‘ಇದು ಮೈಸೂರಿನದಲ್ಲ’ ಎಂಬ ಆಕ್ಷೇಪ ತಪ್ಪಲಿಲ್ಲ. ಜೋಡಣೆಯ ಜಾಗ ಗುಣಮಟ್ಟದ ಭರವಸೆಯಾಗಿ ನಿಂತ ಅಪರೂಪದ ಕನ್ನಡ ನಾಡಿನ ಉದಾಹರಣೆ ಇದು.

ಜಪಾನಿನ ಹೆಸರು, ಬಿಡದಿಯ ಜೋಡಣೆ

ಜಪಾನಿನ ಮೇಲಿನ ನಂಬಿಕೆ ಈ ಭಾಗಕ್ಕೆ ಬಂದದ್ದು ಕಾರಿನಿಂದಷ್ಟೇ ಅಲ್ಲ. 1980ರ ದಶಕದ ನಡುವೆ ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ ಎಂಬ ನಾಲ್ಕು ಜೋಡಿಗಳು ಸಣ್ಣ ಲಾರಿಗಳನ್ನು ಮಾರುಕಟ್ಟೆಗೆ ಬಿಟ್ಟವು. ನಾಲ್ಕೂ ಭಾರತದಲ್ಲೇ ಜೋಡಣೆಯಾದವು. ಇದಕ್ಕೂ ತುಸು ಮೊದಲು, 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತ್ತು. ಆರಂಭದ ಮಾರುತಿಗಳು ಜಪಾನಿನಿಂದ ಬಂದ ಭಾಗಗಳನ್ನು ಗುರುಗ್ರಾಮದಲ್ಲಿ ಕೂಡಿಸಿದ ಗಾಡಿಗಳು. ಆ ಮೊದಲ ತಂಡದ ಕಾರಿನ ಮಾಲೀಕರು ‘ಇದು ಒರಿಜಿನಲ್ ಜಪಾನ್ ಎಂಜಿನ್’ ಎಂದು ಹೇಳಿಕೊಳ್ಳುವುದು ಬಹುಕಾಲ ನಡೆಯಿತು. ಉತ್ತರಪಾರದ ಅಂಬಾಸಡರ್ ಕೂಡ 1990ರ ದಶಕದಲ್ಲಿ ಇಸುಜು ಎಂಜಿನ್ ಹಾಕಿಸಿಕೊಂಡು ಅದನ್ನೇ ಮುಂದಿಟ್ಟು ಮಾರಾಟವಾಯಿತು.

ನಂಬಿಕೆ ಅನುಭವವಾಗಿ ಗಟ್ಟಿಯಾದದ್ದು ರಾಮನಗರದ ಪಕ್ಕದ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ. ಚಾಮರಾಜನಗರ ಜಿಲ್ಲೆ ಹುಟ್ಟಿದ ವರ್ಷದಲ್ಲೇ, 1997ರ ಅಕ್ಟೋಬರಿನಲ್ಲಿ, ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. 1999ರ ಕೊನೆಗೆ ಉತ್ಪಾದನೆ ಆರಂಭಿಸಿ 2000ದ ಜನವರಿಯಲ್ಲಿ ಕ್ವಾಲಿಸ್ ಬಿಡುಗಡೆ ಮಾಡಿತು. ಕ್ವಾಲಿಸ್‌ನ ಮೂಲ ಜಪಾನಿನ ರಸ್ತೆಯ ಕಾರಲ್ಲ. ಅದು ಇಂಡೊನೇಷ್ಯಾದಲ್ಲಿ ಓಡುತ್ತಿದ್ದ ಕಿಜಾಂಗ್ ಎಂಬ ಗಾಡಿಯ ರೂಪಾಂತರ. ಪೆಟ್ಟಿಗೆಯಂಥ ಆಕಾರ, ಹಳೆಯ ಕಾಲದ ಡೀಸೆಲ್ ಎಂಜಿನ್. ನಗರದ ವಿಮರ್ಶಕರು ಮೂಗು ಮುರಿದರು. ಟ್ಯಾಕ್ಸಿಯವರು ಮುಗಿಬಿದ್ದು ಕೊಂಡರು. ಇಂಡೊನೇಷ್ಯಾದ ಮೂಲವಾಗಲಿ ಬಿಡದಿಯ ಜೋಡಣೆಯಾಗಲಿ ಯಾರ ಮಾತಿನಲ್ಲೂ ಬರಲಿಲ್ಲ. ಎಲ್ಲರ ಬಾಯಲ್ಲೂ ಅದು ಜಪಾನ್ ಗಾಡಿಯೇ. 2005ರಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಕ್ವಾಲಿಸನ್ನು ಕಂಪನಿ ತಾನಾಗಿಯೇ ನಿಲ್ಲಿಸಿ ಇನೋವಾ ತಂದಿತು.

ಊಟಿ ರಸ್ತೆಯಲ್ಲಿ ಬಾಳಿಕೆ ಎಂಬುದಕ್ಕೆ ಬೇರೆ ಕಡೆ ಇಲ್ಲದ ಒಂದು ತೂಕವಿದೆ. 2009ರಿಂದ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಹಗಲಿನಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಊಟಿಯಿಂದ ಇಳಿದು ಬರುವ ಡ್ರೈವರು ಒಂಬತ್ತರೊಳಗೆ ಚೆಕ್‌ಪೋಸ್ಟ್ ದಾಟಲೇಬೇಕು. ಮಸಿನಗುಡಿಯ ದಾರಿ ಹಿಡಿದರೆ ಅದಕ್ಕೂ ಮೊದಲು ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಬ್ರೇಕು ಕಾಯಿಸಿಕೊಳ್ಳದೆ ಇಳಿಯಬೇಕು. ಆನೆ ಓಡಾಡುವ ಕಡೆ ಗಾಡಿ ಕೆಟ್ಟು ನಿಂತರೆ ಅದು ಬರೀ ಬಾಡಿಗೆ ನಷ್ಟದ ಮಾತಲ್ಲ. ಇಂಥ ರಸ್ತೆಯಲ್ಲಿ ವರ್ಷಾನುಗಟ್ಟಲೆ ಓಡಿದ ಗಾಡಿಯ ಬಗ್ಗೆ ‘ಜಪಾನ್’ ಎನ್ನುವಾಗ ಆ ಮಾತಿನಲ್ಲಿ ದೇಶದ ಪಾಲು ಕಡಿಮೆ, ರಸ್ತೆಯ ಪಾಲು ಹೆಚ್ಚು.

ಬಿಡದಿಯ ಪಾತ್ರ ಜೋಡಣೆಗೆ ಮುಗಿಯುವುದೂ ಇಲ್ಲ. ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ 2004ರಿಂದ ಗೇರ್‌ಬಾಕ್ಸ್‌ಗಳನ್ನು ತಯಾರಿಸಿ ಥಾಯ್ಲೆಂಡ್, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾ ಮೊದಲಾದ ಕಡೆಯ ಟೊಯೊಟಾ ಕಾರ್ಖಾನೆಗಳಿಗೆ ಕಳಿಸಿತು. ಬ್ಯಾಂಕಾಕಿನಲ್ಲಿ ಯಾರೋ ಜಪಾನಿನ ಹೆಸರು ನೋಡಿ ಕೊಂಡ ಪಿಕಪ್‌ನ ಗೇರು ರಾಮನಗರದ ಪಕ್ಕದಲ್ಲಿ ತಯಾರಾದದ್ದಿರಬಹುದು. ಇನೋವಾ ಕ್ರಿಸ್ಟಾದ ಡೀಸೆಲ್ ಎಂಜಿನ್ ಬರುವುದು ಬೆಂಗಳೂರಿನ ಪಕ್ಕದ ಜಿಗಣಿಯಿಂದ.

2024ರ ಜನವರಿಯಲ್ಲಿ ಒಂದು ವಿಚಿತ್ರ ಪರೀಕ್ಷೆಯೂ ನಡೆಯಿತು. ಟೊಯೊಟಾ ಸಮೂಹಕ್ಕೆ ಡೀಸೆಲ್ ಎಂಜಿನ್ ಮಾಡಿಕೊಡುವ ಟೊಯೊಟಾ ಇಂಡಸ್ಟ್ರೀಸ್, ಪ್ರಮಾಣಪತ್ರಕ್ಕಾಗಿ ಎಂಜಿನ್ ಶಕ್ತಿ ಅಳೆಯುವ ಪರೀಕ್ಷೆಯಲ್ಲಿ ಅಕ್ರಮ ನಡೆದಿರುವುದನ್ನು ಜಪಾನಿನಲ್ಲಿ ಒಪ್ಪಿಕೊಂಡಿತು. ಇಲ್ಲಿಯೂ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಗಾಡಿಗಳ ರವಾನೆ ಕೆಲ ದಿನ ನಿಂತು ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ತಪ್ಪು ನಡೆದದ್ದು ವಿನ್ಯಾಸದ ದೇಶದಲ್ಲಿ, ಜೋಡಣೆಯ ದೇಶದಲ್ಲಲ್ಲ. ಹಾಗಿದ್ದೂ ಜಪಾನಿನ ಹೆಸರಿಗೆ ಇಲ್ಲಿ ಕಲೆ ಹತ್ತಲಿಲ್ಲ. ಇದೇ ತಪ್ಪು ಬಿಡದಿಯದ್ದೆಂದು ಸುದ್ದಿಯಾಗಿದ್ದರೆ ‘ಇಲ್ಲಿ ಜೋಡಿಸಿದ್ದಲ್ವಾ, ಅದಕ್ಕೇ’ ಎಂಬ ಮಾತು ಬರದೆ ಇರುತ್ತಿರಲಿಲ್ಲ ಎಂದು ಈ ಲೇಖಕನ ಅನಿಸಿಕೆ. ಜೋಡಣೆಯ ದೇಶ ನೆನಪಾಗುವುದು ಗಾಡಿ ಕೆಟ್ಟಾಗ, ಚೆನ್ನಾಗಿ ಓಡುವಾಗಲ್ಲ.

ಬಸ್ಸಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಸ್ವೀಡನ್ನಿನ ವೋಲ್ವೊ 1998ರಲ್ಲಿ ಹೊಸಕೋಟೆಯಲ್ಲಿ ಲಾರಿ, 2001ರಲ್ಲಿ ಬಸ್ಸು ತಯಾರಿಸತೊಡಗಿತು. ಕೆಎಸ್‌ಆರ್‌ಟಿಸಿಯ ಐರಾವತ ಎಂಬ ವೋಲ್ವೊ ಬಸ್ಸುಗಳು ಗುಂಡ್ಲುಪೇಟೆಯ ಮೂಲಕ ಊಟಿಗೆ ಓಡಿದವು. ಹತ್ತಿ ಕೂತವರಿಗೆ ಅದು ಫಾರಿನ್ ಬಸ್ಸೇ.

ಎಂಜಿನ್ ಒಂದು, ಹೆಸರು ಹಲವು

ಹೆಸರಿನ ಬಲಕ್ಕೆ ಭಾರತದ ರಸ್ತೆಯಲ್ಲಿ ಸಿಗುವ ಅತ್ಯುತ್ತಮ ಸಾಕ್ಷಿ ಇಟಲಿಯ ಫಿಯೆಟ್ ವಿನ್ಯಾಸಗೊಳಿಸಿದ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಎಂಜಿನ್. ಸುಜುಕಿ ಇದನ್ನು ಪರವಾನಗಿಯಡಿ ಮಾನೇಸರದಲ್ಲಿ ತಯಾರಿಸಿ 2007ರಿಂದ ಸ್ವಿಫ್ಟ್‌ಗೆ, ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾಗಳಿಗೆ ಹಾಕಿತು. ಟಾಟಾ ಕೂಡ ಬಳಸಿಕೊಂಡಿತು. ‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆಗೆ ಹೆಮ್ಮೆಯಿಂದ ಉತ್ತರ ಕೊಟ್ಟ ಡಿಜೈರ್ ಟ್ಯಾಕ್ಸಿಗಳೆಲ್ಲ ಓಡಿದ್ದು ಈ ಇಟಲಿಯ ಎಂಜಿನ್ನಿನಿಂದ. ಫಿಯೆಟ್ ತನ್ನದೇ ಲೀನಿಯಾ, ಪುಂಟೊ ಕಾರುಗಳಲ್ಲಿ ಅದೇ ಎಂಜಿನ್ ಇಟ್ಟು ಮಾರಿದಾಗ ಕೊಳ್ಳುವವರು ಸಿಗಲಿಲ್ಲ. ಪುಂಟೊದ ಉಕ್ಕಾಗಲಿ ಸಸ್ಪೆನ್ಶನ್ ಆಗಲಿ ಕಳಪೆಯಾಗಿರಲಿಲ್ಲ. ‘ಪಾರ್ಟ್ಸ್ ಸಿಗಲ್ಲ’ ಎಂಬ ಒಂದು ಮಾತು ಸಾಕಾಯಿತು. ಸಣ್ಣ ಊರುಗಳಲ್ಲಿ ಗುಣಮಟ್ಟ ಎಂದರೆ ಕೆಡದಿರುವುದಷ್ಟೇ ಅಲ್ಲ, ಕೆಟ್ಟರೆ ಸಂಜೆಯೊಳಗೆ ಸರಿಹೋಗುವುದೂ ಹೌದು. ಚಾಮರಾಜನಗರದಲ್ಲಿ ಸಿಗದ ಭಾಗ ಮೈಸೂರಿನಲ್ಲಾದರೂ ಸಿಗಬೇಕು. ಅಲ್ಲೂ ಇಲ್ಲವೆಂದರೆ ಅದು ಯಾವ ದೇಶದ ಕಾರಾದರೂ ಒಂದೇ.

ಕೊರಿಯಾದ ಹುಂಡೈ 1998ರಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಿಂದ ಸ್ಯಾಂಟ್ರೊ ತಂದಾಗ ದೇಶದ ಹೆಸರಿನಿಂದ ಅದಕ್ಕೆ ಯಾವ ಸಹಾಯವೂ ಇರಲಿಲ್ಲ. ಅಪರಿಚಿತ ಕಂಪನಿಯನ್ನು ಶಾರುಖ್ ಖಾನ್ ಪ್ರಶ್ನಿಸುವಂಥ ಜಾಹೀರಾತು ಮಾಡಿ ಆ ಸಂಶಯವನ್ನೇ ಬಂಡವಾಳ ಮಾಡಿಕೊಂಡರು. ಅದೇ ದೇಶದ ಡೇವೂ ಬಾಗಿಲು ಹಾಕಿದಾಗ ಮ್ಯಾಟಿಜ್, ಸಿಯೆಲೊ ಇಟ್ಟುಕೊಂಡವರು ಬಿಡಿಭಾಗಕ್ಕೆ ಅಲೆದರು. ಅಮೆರಿಕದ ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಅಲ್ಲಿಂದ ಮುಂದೆ ‘ಅಮೆರಿಕನ್ ಕಂಪನಿ’ ಎಂದರೆ ಗಟ್ಟಿ ಬಾಡಿ ಎಂಬ ಹಳೆಯ ಹೊಗಳಿಕೆಯ ಜೊತೆಗೆ ‘ಯಾವಾಗ ಬಿಟ್ಟು ಹೋಗ್ತಾರೋ’ ಎಂಬ ಅಂಜಿಕೆಯೂ ಸೇರಿತು.

ಮೂಲವನ್ನು ಮರೆಮಾಡುವ ಕಲೆಯೂ ಇದೆ. 2019ರಲ್ಲಿ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗಿ ಬಂದ ಎಂಜಿ ಹೆಕ್ಟರ್‌ನ ಪ್ರಚಾರದಲ್ಲಿ ಬ್ರಿಟಿಷ್ ಪರಂಪರೆಯೇ ತುಂಬಿತ್ತು. ಆಗ ಒಡೆತನ ಚೀನಾದ ಎಸ್‌ಎಐಸಿಯದಾಗಿತ್ತು. ಮರುವರ್ಷ ಚೀನಾ ಗಡಿಯ ಗಾಲ್ವಾನ್ ಘರ್ಷಣೆಯ ನಂತರ ಈ ವಿಷಯ ಕೊಳ್ಳುವವರ ಕಿವಿಗೆ ಬಿತ್ತು. ಆಗ ಕಂಪನಿಯವರು ಭಾರತದ ಜೋಡಣೆಯನ್ನೂ ಭಾರತದ ನೌಕರರನ್ನೂ ಮುಂದಿಟ್ಟು ಮಾತಾಡಿದರು.

ರಫ್ತಿನ ಮಾಡೆಲ್, ಇಲ್ಲಿಯ ಮಾಡೆಲ್

ಭಾರತದ ಜೋಡಣೆಯ ಮೇಲಿನ ಅನುಮಾನಕ್ಕೆ ಆಧಾರವೇ ಇಲ್ಲವೆನ್ನುವುದು ತಪ್ಪಾಗುತ್ತದೆ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುವ ಆಲ್ಟೊ, ಐ10, ಫಿಗೊ, ಪೋಲೊ, ನ್ಯಾನೊ, ಸ್ವಿಫ್ಟ್ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ನೋಡಿತು. ದೊಡ್ಡವರ ರಕ್ಷಣೆಗೆ ಎಲ್ಲಕ್ಕೂ ಸಿಕ್ಕಿದ್ದು ಸೊನ್ನೆ. ಜರ್ಮನ್ ಹೆಸರಿನ ಪೋಲೊ ಕೂಡ ಇದರಲ್ಲಿತ್ತು. ಎರಡು ಏರ್‌ಬ್ಯಾಗ್ ಹಾಕಿದ ಮೇಲೆ ಅದೇ ಕಾರು ನಾಲ್ಕು ನಕ್ಷತ್ರ ಪಡೆಯಿತು. ಅಂದರೆ ಕೊರತೆ ಇದ್ದದ್ದು ಜೋಡಿಸಿದ ಕೈಗಳಲ್ಲಲ್ಲ, ಇಲ್ಲಿಯ ಮಾರುಕಟ್ಟೆಗೆ ಇಷ್ಟು ಸಾಕು ಎಂದು ಬರೆದುಕೊಟ್ಟ ಪಟ್ಟಿಯಲ್ಲಿ. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದದ್ದು ಕೊಳ್ಳುವವರ ಮಾತುಕತೆಯನ್ನೇ ಬದಲಿಸಿತು. ಅಲ್ಲಿಯವರೆಗೆ ಬಾಗಿಲು ಬಡಿದು ಶಬ್ದ ಕೇಳಿ ಗಟ್ಟಿತನ ಅಳೆಯುತ್ತಿದ್ದವರು ನಕ್ಷತ್ರ ಎಣಿಸತೊಡಗಿದರು. 2023ರ ಅಕ್ಟೋಬರ್ 1ರಿಂದ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು.

ಇತ್ತೀಚೆಗೆ ಗಾಳಿ ಹಿಮ್ಮುಖವಾಗಿಯೂ ಬೀಸುತ್ತಿದೆ. ರಾಜಸ್ಥಾನದ ತಪೂಕರಾದಲ್ಲಿ ತಯಾರಾಗುವ ಹೋಂಡಾ ಎಲಿವೇಟ್ 2024ರಿಂದ ಡಬ್ಲ್ಯುಆರ್‌–ವಿ ಎಂಬ ಹೆಸರಿನಲ್ಲಿ ಜಪಾನಿನಲ್ಲಿ ಮಾರಾಟವಾಗುತ್ತಿದೆ. 2025ರ ಆರಂಭದಲ್ಲಿ ಭಾರತದಲ್ಲಿ ತಯಾರಾದ ಐದು ಬಾಗಿಲಿನ ಜಿಮ್ನಿ ಅಲ್ಲಿಗೆ ಹೋದಾಗ ಕೆಲವೇ ದಿನಗಳಲ್ಲಿ ಸುಮಾರು 50,000 ಬುಕಿಂಗ್ ಬಂದು ಸುಜುಕಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಸ್ವದೇಶದಲ್ಲಿ ಆ ಜಿಮ್ನಿಗೆ ಅಂಥ ನೂಕುನುಗ್ಗಲು ಇರಲಿಲ್ಲ ಎಂಬುದು ತಮಾಷೆಯ ಸಂಗತಿ.

ಆರ್‌ಸಿಯಲ್ಲಿರುವ ಉತ್ತರ

ಅಮೆರಿಕದಲ್ಲಿ 1992ರ ಕಾಯ್ದೆಯ ಪ್ರಕಾರ ಹೊಸ ಕಾರಿನ ಗಾಜಿನ ಮೇಲೆ ಜೋಡಣೆಯ ಸ್ಥಳ, ಎಂಜಿನ್ನಿನ ದೇಶ, ಬಿಡಿಭಾಗಗಳ ಪಾಲು ಬರೆದ ಚೀಟಿ ಇರಬೇಕು. ನಮ್ಮಲ್ಲಿ ತಿಳಿಯಬೇಕೆಂದರೆ ಆರ್‌ಸಿಯಲ್ಲಿರುವ ಚಾಸಿ ನಂಬರಿನ ಮೊದಲ ಅಕ್ಷರಗಳನ್ನು ನೋಡಬೇಕು. ಎಂಎ, ಎಂಬಿ ಮೊದಲಾದವುಗಳಿಂದ ಶುರುವಾದರೆ ಭಾರತ, ‘ಜೆ’ ಇದ್ದರೆ ಜಪಾನ್, ‘ಡಬ್ಲ್ಯು’ ಇದ್ದರೆ ಜರ್ಮನಿ. ಬಿಡದಿಯ ಟೊಯೊಟಾಗಳದು ಎಂಬಿಜೆ, ಮಾರುತಿಯದು ಎಂಎ3. ಚಾಮರಾಜನಗರದ ಕೆಎ 10 ನೋಂದಣಿಯ ಗಾಡಿಗಳಲ್ಲಿ ಎಂ ಬಿಟ್ಟು ಬೇರೆ ಅಕ್ಷರ ಸಿಗುವುದು ಅಪರೂಪ. ಪೂರ್ತಿ ತಯಾರಾಗಿ ಬರುವ ದುಬಾರಿ ಕಾರಿನ ಮೇಲೆ ಬಹುಕಾಲ ಶೇಕಡ 100ರಷ್ಟು ಸುಂಕವಿತ್ತು. ಬಿಡಿಭಾಗಗಳಾಗಿ ತಂದು ಇಲ್ಲಿ ಕೂಡಿಸಿದರೆ ಸುಂಕ ಅದರ ಸಣ್ಣ ಪಾಲು ಮಾತ್ರ. ಫಾರ್ಚೂನರ್ ಬಿಡದಿಯಲ್ಲೂ, 2017ರಿಂದ ವೋಲ್ವೊ ಕಾರು ಹೊಸಕೋಟೆಯಲ್ಲೂ ಜೋಡಣೆಯಾಗಲು ಮುಖ್ಯ ಕಾರಣ ಈ ವ್ಯತ್ಯಾಸ.

ಅಕ್ಷರ ಓದಿದರೂ ಗೊಂದಲ ತೀರದ ಒಂದು ಪ್ರಕರಣ ಬಿಡದಿಯಲ್ಲೇ ಇದೆ. ಟೊಯೊಟಾ ಮತ್ತು ಸುಜುಕಿ ಕಾರುಗಳನ್ನು ಹಂಚಿಕೊಳ್ಳಲು ಒಪ್ಪಂದ ಮಾಡಿಕೊಂಡ ಮೇಲೆ, ಟೊಯೊಟಾ ಗ್ಲಾಂಜಾ ಸುಜುಕಿಯ ಗುಜರಾತ್ ಕಾರ್ಖಾನೆಯಲ್ಲಿ ಬಲೆನೊದ ಜೊತೆ ತಯಾರಾಗುತ್ತದೆ. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಹುಟ್ಟಿದ್ದು ಬಿಡದಿಯಲ್ಲಿ. ವಿನ್ಯಾಸ, ಜೋಡಣೆ, ಎಂಜಿನ್ ಎಲ್ಲ ಒಂದೇ ಆದಾಗ ದೇಶದ ಪ್ರಶ್ನೆ ತಾನಾಗಿ ಬಿದ್ದುಹೋಗಬೇಕಿತ್ತು. ಆದರೂ ಎರಡರಲ್ಲಿ ಯಾವುದು ಗಟ್ಟಿ ಎಂಬ ವಾದ ನಿಂತಿಲ್ಲ. ಬಿಡುಗಡೆಯ ಹೊತ್ತಿಗೆ ನಿಜವಾಗಿ ಇದ್ದ ವ್ಯತ್ಯಾಸ ವಾರಂಟಿಯದು: ಟೊಯೊಟಾ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಕೊಟ್ಟರೆ ಮಾರುತಿ ಕೊಟ್ಟದ್ದು 2 ವರ್ಷ ಅಥವಾ 40,000 ಕಿಲೋಮೀಟರ್. 2024ರಲ್ಲಿ ಮಾರುತಿಯೂ 3 ವರ್ಷ, 1 ಲಕ್ಷಕ್ಕೆ ಏರಿಸಿತು. ಈಗ ಗುಂಡ್ಲುಪೇಟೆಯಲ್ಲಿ ಎರಡರ ನಡುವೆ ತೂಗುವವರು ಕೇಳುವ ಪ್ರಶ್ನೆಗಳು ಮೂರು: ಯಾವುದು ಬೇಗ ಡೆಲಿವರಿ, ಯಾವ ಸರ್ವಿಸ್ ಹತ್ತಿರ, ಐದು ವರ್ಷದ ಮೇಲೆ ಮಾರಿದರೆ ಎಷ್ಟು ಬರುತ್ತೆ.